ಓದದವರು ತಿದ್ದಹೊರಟ ಕೊನೆಯ ಅಧ್ಯಾಯ

ಓದದವರು ಬಾಯಿ ಬಿಡಬಾರದು. ನಮ್ಮ ಓದುಗರ ಬಳಗಕ್ಕೆ ಇರುವುದು ಇದೊಂದೇ ನಿಯಮ. ಮಾಡಿದವನು ನಾನು, ಮುರಿದವರು ಉಳಿದವರೆಲ್ಲ. ನಾನು ಕಲಿತ ಇಂಗ್ಲಿಷ್ ಶಾಲೆಯಲ್ಲಿ ಪಾಠ ಓದದೆ ಉತ್ತರ ಹೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಮ್ಮ ಕಡೆ ಅಂಥವನನ್ನು ವೇದಿಕೆಯ ಮೇಲೆ ಕೂಡಿಸಿ ಶಾಲು ಹೊದಿಸುತ್ತಾರೆ. ಹೀಗಾಗಿ ಇಂಥ ಪ್ರಸಂಗಗಳಿಗೆ ನನಗೆಂದೂ ಬರಗಾಲ ಬಂದಿಲ್ಲ.

ಈ ಸಲದ ಬೆಳೆ ಸವದತ್ತಿಯ ಶಾಲೆಯಲ್ಲಿ ಕಲಿಸುವ ಅಕ್ಕೋರಿಂದ ಬಂತು. ಸರಕಾರ ಮನೆಮನೆಗೂ ಕಣ್ಣು ನೆಟ್ಟು ಕೂತಿರುವ, ಅದರ ವಿರುದ್ಧ ಒಬ್ಬ ಗಂಡಸು ಬಂಡೇಳುವ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಅಕ್ಕೋರು ಅವನ ಹೆಂಡತಿಯ ಬಾಯಿಂದ ಹೊಸದಾಗಿ ಹೇಳಿಸಿದ್ದರು. ಮೂಲದಲ್ಲಿ ಆಕೆ ಉದ್ದಕ್ಕೂ ಚಹಾ ಮಾಡುತ್ತಾಳೆ. ಇಲ್ಲಿಯೂ ಮಾಡುತ್ತಾಳೆ. ಆದರೆ ಕೊನೆಯ ಅಧ್ಯಾಯದಲ್ಲಿ ಒಲೆ ಆರಿಸಿ, ಮನೆಗೆ ಕೀಲಿ ಹಾಕಿ, ಹೊರಟುಹೋಗುತ್ತಾಳೆ.

ಇಡೀ ಕಾದಂಬರಿಯಲ್ಲಿ ಈ ಕೀಲಿಯೊಂದರ ಸುದ್ದಿ ಮಾತ್ರ ನಮ್ಮ ಬಳಗದ ನಾಲ್ಕೂ ತಾಲೂಕಿಗೆ ಹಬ್ಬಿತು. ಬಳಗದ ಅಧ್ಯಕ್ಷರು ಅಪ್ಪಣೆ ಕೊಟ್ಟರು: ಊರಿಗೊಂದು ಸಭೆ ಆಗಲಿ, ಎಲ್ಲರೂ ಒಪ್ಪಿದರೆ ಬಳಗವೇ ಪುಸ್ತಕ ಛಾಪಿಸುತ್ತದೆ. ಒಪ್ಪದಿದ್ದರೆ ಅಕ್ಕೋರು ಕೊನೆಯ ಅಧ್ಯಾಯ ಬದಲಿಸಬೇಕು, ಇಲ್ಲವೇ ಹಸ್ತಪ್ರತಿಯನ್ನು ಮನೆಗೆ ಒಯ್ಯಬೇಕು. ಆಕೆಗೆ ಅದು ಮೊದಲ ಪುಸ್ತಕ. ಶಾಲೆ, ಅಡುಗೆಮನೆ, ಬಸ್ಸು, ಇವುಗಳ ನಡುವೆ ವರ್ಷಗಟ್ಟಲೆ ಬರೆದದ್ದು. ನಾನು ಊರಿಗೊಂದು ಝೆರಾಕ್ಸ್ ಪ್ರತಿ ತೆಗೆಸಿ, ದಾರ ಕಟ್ಟಿ ಕಳಿಸಿದೆ.

ಬೈಲಹೊಂಗಲ: ಮೂಲ ಬಲ್ಲವರು

ಮೊದಲ ಸಭೆಯಲ್ಲಿ ನಿವೃತ್ತ ಪ್ರಾಂಶುಪಾಲರೊಬ್ಬರು ಮೂಲ ಕಾದಂಬರಿಯ ನಾಯಕನನ್ನು ಹೊಗಳಲು ನಿಂತವರು ಕೂಡ್ರಲೇ ಇಲ್ಲ. ಅವರ ಮುಂದಿದ್ದ ಪ್ರತಿಗೆ ನಾನು ಹಾಕಿದ ಗಂಟು ಹಾಗೇ ಇತ್ತು.

"ಸರ್, ಅಕ್ಕೋರು ಬರೆದದ್ದನ್ನು ಓದಿದಿರಾ?" ಎಂದು ಕೇಳಿದೆ.

"ಮೂಲಾನ ಅರದು ಕುಡದಾವ್ಗ ಇದನ್ನೇನ್ ಓದೂದೈತ್ರೀ?"

ಅಕ್ಕೋರು ಮೆಲ್ಲಗೆ ಕೇಳಿದರು: "ಹಂಗಾರ ಮೂಲದಾಗ ಆ ನಾಯಕನ ಹೆಂಡ್ತಿ ಹೆಸರೇನ್ರಿ, ಸರ್?"

ಪ್ರಾಂಶುಪಾಲರು ಮೇಲೆ ನೋಡಿದರು, ಕೆಳಗೆ ನೋಡಿದರು. "ಆಕಿಗೆ... ಹೆಸರ ಇಟ್ಟಂಗಿಲ್ಲ."

"ಅದಕ್ಕಂತನ ನಾ ಬರದೇನ್ರಿ."

"ಅಯ್ಯ, ಅಷ್ಟಕ್ಕ ಇಷ್ಟ ಹಾಳಿ ಯಾಕ ಕೆಡಿಸಿದ್ರಿ, ಅಕ್ಕೋರ? ಒಂದು ಹೆಸರ ಇಟ್ಟು ಬಿಟ್ಟಿದ್ರ ಆಗತಿತ್ತಲ್ಲ!"

ಕೊನೆಯ ಅಧ್ಯಾಯ ತಿದ್ದಬೇಕೆಂದು ಠರಾವಾಯಿತು.

ಕಿತ್ತೂರು: ರಣಚಂಡಿ

ಇಲ್ಲಿ ಮುಖ್ಯ ಭಾಷಣ ಬೀಜ-ಗೊಬ್ಬರದ ವ್ಯಾಪಾರಿಯೊಬ್ಬರದು, ಸಭೆಯೂ ಅವರ ಮನೆಯಲ್ಲೇ. "ರಾಣಿ ಕತ್ತಿ ಹಿಡದ ನೆಲಾ ಇದು! ಇಲ್ಲಿ ಹೆಣ್ಣಿಗೆ ಯಾರೂ ಸ್ವಾತಂತ್ರ್ಯ ಕೊಡಬೇಕಾಗಿಲ್ಲ, ಆಕಿ ಹುಟ್ಟಾ ರಣಚಂಡಿ!" ಎಂದು ಅವರು ಮೇಜು ಗುದ್ದಿದಾಗ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಒಂದು ಕೈ ಮೇಲೆದ್ದಿತು. ಅವರ ಹೆಂಡತಿಯದು.

"ನಾ ಪೂರಾ ಓದೇನ್ರಿ. ಎರಡು ಮಾತ ಹೇಳಲೇನ್ರಿ?"

ಇಡೀ ಸಭೆಯಲ್ಲಿ ಮಾತಾಡುವ ಹಕ್ಕಿದ್ದದ್ದು ಆ ಒಬ್ಬರಿಗೇ. ನಾನು ಎದ್ದು "ಹೇಳಿ" ಎನ್ನುವಷ್ಟರಲ್ಲಿ ವ್ಯಾಪಾರಿಗಳು ಮೈಕಿನಲ್ಲೇ ಅಂದರು: "ನೀ ಮೊದಲ ಚಹಾ ನೋಡ, ಉಕ್ಕಾಕತ್ತೈತಿ!"

ಆ ಊರಿನ ಪ್ರತಿ ನನಗೆ ವಾಪಸು ಬಂದಾಗ ಹಾಳೆ ಹಾಳೆಗೂ ಅರಿಷಿಣದ ಬೆರಳ ಗುರುತಿತ್ತು. ಕೊನೆಯ ಅಧ್ಯಾಯ ತಿದ್ದುವ ಅದೇ ಠರಾವಿನ ಕೆಳಗೆ ಮಾತ್ರ ಗಂಡಸರ ಸಹಿ.

ಸವದತ್ತಿ: ಯಾರೂ ಯಾರನ್ನೂ ನೋಡದ ಊರು

ಅಕ್ಕೋರ ಕಾದಂಬರಿಯಲ್ಲಿ ಸರಕಾರಕ್ಕೆ ಕ್ಯಾಮರಾದ ಖರ್ಚೇ ಇಲ್ಲ. ಕಟ್ಟೆಯ ಮೇಲೆ ಕೂತ ಗಂಡಸರಿಂದಲೇ ಎಲ್ಲ ಕೆಲಸ ಸಾಗುತ್ತದೆ. ಇದನ್ನು ಯಾರಿಂದಲೋ ಕೇಳಿ ತಿಳಿದ ಅಕ್ಕೋರ ಶಾಲೆಯ ಹೆಡ್‌ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತ್ತು.

"ಇದು ನಮ್ಮ ಊರಿಗೆ ಅಪಮಾನ! ಇಲ್ಲಿ ಹೆಣ್ಮಕ್ಕಳ ಕಡೆ ಯಾರೂ ಕಣ್ಣೆತ್ತಿ ನೋಡಂಗಿಲ್ಲ. ಮೊನ್ನಿ ಈ ಅಕ್ಕೋರು ಯರಗಟ್ಟಿ ಬಸ್ಸಿನಾಗ ಕಿಡಕಿ ಕಡೆ ಕುಂತಿದ್ರು. ಹಸರ ಸೀರಿ. ತೊಡಿ ಮ್ಯಾಲ ಹಾಳಿ ಇಟ್ಕೊಂಡು ತಿದ್ದಾಕ ಹತ್ತಿದ್ರು. ಮುನವಳ್ಳಿಯಾಗ ಶೇಂಗಾ ತಗೊಂಡ್ರು, ಅರ್ಧಾ ತಿಂದು ಅರ್ಧಾ ಚೀಲದಾಗ ಇಟ್ರು. ನಾ ಏನರ ನೋಡಿದ್ನೇನು?"

ಅಕ್ಕೋರು ಚೀಲ ತೆಗೆದು ಉಳಿದ ಶೇಂಗಾ ಅವರ ಮುಂದಿಟ್ಟರು. ಹೆಡ್‌ಮಾಸ್ತರರು ತಿನ್ನುತ್ತಲೇ ಮೂರನೆಯ ಠರಾವಿಗೆ ಸಹಿ ಹಾಕಿದರು.

ರಾಮದುರ್ಗ: ಅತ್ತೆ

ಕಡೆಯ ಸಭೆಗೆ ನಾಲ್ಕೂ ಊರಿನವರು ಕೂಡಿದ್ದರು. ಅಧ್ಯಕ್ಷರು ಉಪಾಯ ಮಾಡಿ ಅಕ್ಕೋರ ಅತ್ತೆಯನ್ನೇ ಕರೆಸಿದ್ದರು. ಸೊಸೆಯ ಪುಸ್ತಕದಲ್ಲಿ ಹೆಂಗಸು ಮನೆ ಬಿಟ್ಟು ಹೋಗುತ್ತಾಳೆಂದರೆ ಯಾವ ಅತ್ತೆ ಸುಮ್ಮನಿದ್ದಾಳು? ಅಜ್ಜಿಗೆ ಶಾಲು ಹೊದಿಸಿದ್ದಾಯಿತು. ಹಿಂದಿನ ಕೋಣೆಯಲ್ಲಿ ಗೋಧಿ ಹುಗ್ಗಿ ಇಳಿಸಿ ಊಟಕ್ಕೆ ಅಣಿಮಾಡುತ್ತಿದ್ದರು.

"ಅಜ್ಜಿ, ಹೆಣಮಗಳು ಮನಿಗೆ ಕೀಲಿ ಜಡದು ಹೋಗೂದು ಚಲೋ ಏನ್ರಿ? ಆ ಕಡೀ ಅಧ್ಯಾಯ ತಗದಬಿಡಂತ ಸೊಸಿಗೆ ಒಂದು ಮಾತ ಹೇಳ್ರಿ" ಎಂದು ಅಧ್ಯಕ್ಷರು ಮೈಕು ಹಿಡಿದರು.

ಮೂರು ಊರುಗಳಿಗೆ ಬಗ್ಗದ ಅಕ್ಕೋರು ಈಗ ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದರು.

"ನಾ ಓದಿಲ್ಲಪಾ" ಅಂದಳು ಅಜ್ಜಿ.

"ಅದಕ್ಕೇನಾತ್ರಿ? ನಾವೂ ಯಾರೂ ಓದಿಲ್ಲ!"

ಸಭೆ ನಕ್ಕಿತು. ಅಜ್ಜಿ ನಗಲಿಲ್ಲ. "ಓದಲಾರದ ನಾ ಹೇಳಂಗಿಲ್ಲ" ಎಂದು ಶಾಲು ಮಡಚಿ ಅಧ್ಯಕ್ಷರ ತೊಡೆಯ ಮೇಲಿಟ್ಟಳು. ಪ್ರತಿಯ ದಾರ ಬಿಚ್ಚಿದಳು, ಮೂಗಿನ ಮೇಲೆ ಚಾಳೀಸು ಏರಿಸಿದಳು. "ಕುಂದರ್ರಿ ಎಲ್ಲಾರೂ. ಯವ್ವಾ, ಬಾಗಲಾ ಹಾಕ, ಗಾಳಿಗಿ ಹಾಳಿ ಹಾರತಾವ." ಸೊಸೆ ಎದ್ದು ಬಾಗಿಲು ಹಾಕಿದರು.

ಅಜ್ಜಿ ಶ್ರಾವಣದಲ್ಲಿ ಓಣಿಗೆಲ್ಲ ಪುರಾಣ ಓದುವವಳು. ಓದು ಶುರುವಾದರೆ ಮಂಗಳವಾಗುವವರೆಗೆ ಯಾರೂ ಏಳಬಾರದು. ಈ ನಿಯಮ ನನ್ನದಕ್ಕಿಂತ ಬಹಳ ಹಳೆಯದು, ಮುರಿದರೆ ಪಾಪ ಬರುತ್ತದೆ. ಅಕ್ಷರಕ್ಕೆ ಬೆರಳಿಟ್ಟು ಅದೇ ಪುರಾಣದ ರಾಗದಲ್ಲಿ ಅಜ್ಜಿ ಮೊದಲನೆಯ ಅಧ್ಯಾಯ ಹಿಡಿದಳು. ನಡುನಡುವೆ ತಲೆಯೆತ್ತಿ, "ಹೂಂ ಅನ್ರಿ" ಎನ್ನುವಳು. ಪ್ರಾಂಶುಪಾಲರು ಹೂಂ ಅಂದರು. ವ್ಯಾಪಾರಿಗಳು ಹೂಂ ಅಂದರು. ಹೆಡ್‌ಮಾಸ್ತರರು ಎಲ್ಲರಿಗಿಂತ ಜೋರಾಗಿ ಅಂದರು.

ಹುಗ್ಗಿ ಆರಿ ಗಟ್ಟಿಯಾಗತೊಡಗಿತು. ಕೊನೆಗೆ ಅಧ್ಯಕ್ಷರು ಕೂತಲ್ಲೇ ಕೈ ಮುಗಿದರು. "ಸಾಕ್ರಿ ಅಜ್ಜಿ! ಅಕ್ಕೋರು ಹೆಂಗ ಬರದಾರ ಹಂಗ ಛಾಪಸ್ತೀವಿ. ಆಕಿ ಕೀಲಿ ಹಾಕ್ಲಿ, ಬೇಕಾದಲ್ಲಿಗೆ ಹೋಗ್ಲಿ. ನಮ್ಮನ್ನ ಏಳಗೊಡ್ರಿ!"

ಅಜ್ಜಿ ಚಾಳೀಸಿನ ಮೇಲಿಂದ ಅವರನ್ನು ನೋಡಿದಳು.

"ಕುಂದರ ತಮ್ಮಾ. ಆಕಿ ಈಗಿನ್ನ ಚಹಾಕ್ಕ ಇಟ್ಟಾಳ" ಎಂದು ಹಾಳೆ ತಿರುವಿದಳು.