ಮಾವನ ಎತ್ತರದ ನೆಲಮಾಳಿಗೆ

ಆರ್ವೋನ ಹಣೆಯ ಮೇಲೆ ಒಂದು ಶಾಶ್ವತವಾದ ಬುಗುಟು ಇತ್ತು. ಅದನ್ನು ದಯಪಾಲಿಸಿದವನು ತೀರಿಕೊಂಡ ಅವನ ಮಾವ. ಮಾವ ತಾಮ್ರದ ಗಣಿಯಲ್ಲಿ ದುಡಿದ ಕುಳ್ಳ ಮನುಷ್ಯ. ಮನೆಯನ್ನು ತನ್ನ ಎತ್ತರಕ್ಕೇ ಕಟ್ಟಿಕೊಂಡಿದ್ದ. ಮಗಳು ಇಂಪಿ ಅದೇ ಅಳತೆಗೆ ಬೆಳೆದು ನಿಂತಳು. ಮನೆಅಳಿಯನಾಗಿ ಬಂದ ಆರ್ವೋ ಮಾತ್ರ ಬಾಗಿಲಿಗೊಂದು ನಮಸ್ಕಾರ ಹಾಕುತ್ತ ಸಂಸಾರ ಮಾಡಬೇಕಾಯಿತು. (ನಮಸ್ಕಾರ ಮರೆತ ದಿನ ಬಾಗಿಲೇ ನೆನಪಿಸುತ್ತಿತ್ತು.)

ಸುಪೀರಿಯರ್ ಸರೋವರದ ದಂಡೆಯ ಆ ಊರಿನಲ್ಲಿ ಎಲ್ಲರ ಅಜ್ಜಂದಿರೂ ಫಿನ್ಲೆಂಡಿನಿಂದ ಬಂದವರು. ಮಾತು ಕಡಿಮೆ, ಕಾಫಿ ಹೆಚ್ಚು. ನವೆಂಬರ್ ತಿಂಗಳು ಬಂತೆಂದರೆ ಜಿಂಕೆ ಬೇಟೆಗೆಂದು ಕಾಡಿನ ಗುಡಿಸಲು ಸೇರುತ್ತಾರೆ. ಆರ್ವೋ ಹೋಗುವ ಗುಡಿಸಲಿಗೆ ಯಜಮಾನ ಇಂಪಿಯ ಅಣ್ಣ ಓನ್ನಿ. ಅಲ್ಲಿ ಅವನದು ಒಂದೇ ಕಾನೂನು: ಬಂದೂಕು ಹಿಡಿಯಲಾರದವನು ಸೌಟು ಹಿಡಿಯಬೇಕು.

ಆರ್ವೋನ ಹತ್ತಿರ ಬಂದೂಕೇನೋ ಇತ್ತು, ಅಪ್ಪನ ಕಾಲದ್ದು. ಆದರೆ ಅದಕ್ಕೆ ಹೊಂದುವ ತೋಟಾ ಯಾವ ಅಂಗಡಿಯಲ್ಲೂ ಸಿಗದಂತಾಗಿತ್ತು. ಹೀಗಾಗಿ ಕೆಲವು ವರ್ಷಗಳಿಂದ ಅವನು ಕಾಡಿಗೆ ಹೋಗಿ ಆಲೂಗಡ್ಡೆ ಸುಲಿದು ಬರುತ್ತಿದ್ದ. ಈ ವರ್ಷ ಮಾತ್ರ ಸೌಟು ಮುಟ್ಟುವುದಿಲ್ಲವೆಂದು ಶಪಥ ಮಾಡಿ, ಪಕ್ಕದ ಊರಿನ ವಿಧವೆಯೊಬ್ಬಳು ಮಾರಿದ ತೋಟಾ ತುಂಬುವ ಯಂತ್ರವನ್ನು ಹೊತ್ತು ತಂದ. ಹಾರಿಸಿ ಖಾಲಿಯಾದ ಹಿತ್ತಾಳೆ ಚಿಪ್ಪನ್ನು ಒತ್ತಿ ಸರಿಮಾಡಿ, ಅದರಲ್ಲಿ ಮತ್ತೆ ಮದ್ದು, ಗುಂಡು ಕೂರಿಸುವ ಕಬ್ಬಿಣದ ಯಂತ್ರ ಅದು. ಪಕ್ಕದಲ್ಲಿ ನೀರಿನ ಪಂಪಿಗಿರುವಂಥ ಉದ್ದನೆಯ ಹಿಡಿ.

ಇಂಪಿ ಅದಕ್ಕೆ ಕೊಟ್ಟ ಜಾಗ ನೆಲಮಾಳಿಗೆ. ಕೋಸಿನ ಉಪ್ಪಿನಕಾಯಿ ಜಾಡಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ನಡುವೆ. ಆರ್ವೋ ಬಗ್ಗಿಕೊಂಡೇ ಅಳೆದ, ಬಗ್ಗಿಕೊಂಡೇ ಮೇಜಿಗೆ ಬೋಲ್ಟು ಬಿಗಿದ. ಆಮೇಲೆ ಮಂತ್ರಿಗಳು ಅಣೆಕಟ್ಟು ಉದ್ಘಾಟಿಸುವ ಗಾಂಭೀರ್ಯದಲ್ಲಿ ಹಿಡಿ ಎತ್ತಿದ. ಅದು ಅರ್ಧ ಏರಿ ಚಾವಣಿಯ ತೊಲೆಗೆ ಬಡಿದು ನಿಂತಿತು.

ಇಂಪಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಮೇಜು ಅಳೆದೆ, ಯಂತ್ರ ಅಳೆದೆ. ಹಿಡಿ ಮೇಲಕ್ಕೆ ಹೋಗತ್ತೆ ಅಂತ ಹೊಳೀಲೇ ಇಲ್ವಾ ಮಾರಾಯ?"

"ತೊಲೇಲಿ ಒಂದು ಸಣ್ಣ ಕಚ್ಚು ತೆಗೆದ್ರೆ ಸಾಕು."

"ತೊಲೆ ಮೇಲೆ ನನ್ನ ಒಲೆ ಇದೆ. ಒಲೆ ಮೇಲೆ ನಿನ್ನ ಊಟ ಇದೆ. ಯೋಚನೆ ಮಾಡಿ ತೆಗಿ."

"ಹಾಗಾದ್ರೆ ಮೇಜಿನ ಕಾಲು ಕುಯ್ತೀನಿ."

"ಅದು ಅಪ್ಪ ಮಾಡಿದ ಮೇಜು. ಬೇಕಿದ್ರೆ ನಿನ್ನ ಕಾಲು ಕುಯ್ಕೊ."

ಇಷ್ಟು ಹೇಳಿ ಅವಳು ಮೇಲೆ ಹೋದಳು. ಆರ್ವೋ ಗಿಡ್ಡ ಹಿಡಿಯೊಂದನ್ನು ಹಾಕಿ ನೋಡಿದ. ಎರಡು ಕೈಯಲ್ಲಿ ಜೋತುಬಿದ್ದರೂ ಚಿಪ್ಪು ಒತ್ತಲಾಗಲಿಲ್ಲ. ಕೊನೆಗೆ ಮೇಜನ್ನೇ ಓರೆಯಾಗಿ ತಿರುಗಿಸಿ, ಹಿಡಿ ಎರಡು ತೊಲೆಗಳ ನಡುವಿನ ಸಂದಿಯಲ್ಲಿ ಏರುವಂತೆ ಮಾಡಿದ. ಏರಿತು. ತುತ್ತತುದಿಯಲ್ಲಿ ಅಡುಗೆಮನೆಯ ನೆಲಹಲಗೆಯನ್ನು ಕೆಳಗಿನಿಂದ ಒಂದಿಷ್ಟು ತಾಕಿ 'ಟಕ್' ಎಂದಿತು, ಅಷ್ಟೇ. ಅಷ್ಟನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಮೊದಲ ಚಿಪ್ಪು ಒತ್ತಿ ಮುಗಿಯುವಷ್ಟರಲ್ಲಿ ಇಂಪಿ ಕಾಫಿ ಹಿಡಿದು ಇಳಿದು ಬಂದಳು, ಜೊತೆಗೆ ಏಲಕ್ಕಿ ಬ್ರೆಡ್ಡು. ಆರ್ವೋ ಕರಗಿಹೋದ. ಜಗಳವಾಡಿದವಳೇ ರಾಜಿಗೆ ಬಂದಳಲ್ಲ! ಕುಡಿದ. ಇನ್ನೊಂದು ಚಿಪ್ಪು ಒತ್ತಿದ. ಮತ್ತೆ ಕಾಫಿ ಬಂತು. ಚಿಪ್ಪನ್ನು ಒರೆಸಿ, ಎಣ್ಣೆ ಸವರಿ ಒತ್ತುವುದು ನಿಧಾನದ ಕೆಲಸ. ಕಾಫಿ ಅದಕ್ಕಿಂತ ಚುರುಕಾಗಿ ಬರುತ್ತಿತ್ತು. ಮದುವೆಯಾದ ಹೊಸತರಲ್ಲೂ ಇಂಥ ಉಪಚಾರ ಕಂಡವನಲ್ಲ. ಅವಳ ಮುಖ ಮಾತ್ರ ಲೋಟ ಲೋಟಕ್ಕೂ ಗಂಟಾಗುತ್ತಿತ್ತು. ಬೇಡವೆಂದರೆ ಯಂತ್ರವನ್ನೇ ಅಂಗಳಕ್ಕೆ ಎಸೆಯುತ್ತಾಳೆಂದು ಹೆದರಿ ಅವನು ಎಲ್ಲವನ್ನೂ ಕುಡಿದ. ಅಲ್ಲದೆ ಆ ಊರಿನಲ್ಲಿ ಕಾಫಿ ಬೇಡವೆನ್ನುವುದೂ ಸಂಬಂಧ ಹರಿದುಕೊಳ್ಳುವುದೂ ಒಂದೇ.

ಮದ್ದು ತೂಗುವ ಹೊತ್ತಿಗೆ ಎಡವಟ್ಟಾಯಿತು. ಅದನ್ನು ಚಿನ್ನ ತೂಗಿದಂತೆ ತೂಗಬೇಕು. ಅಷ್ಟೊಂದು ಕಾಫಿ ಕುಡಿದ ಆರ್ವೋ ಕೈ ಇಟ್ಟದ್ದೇ ತಕ್ಕಡಿಯ ಮುಳ್ಳು ಭರತನಾಟ್ಯ ಶುರುಮಾಡಿತು. ನಾಳೆ ತೂಗೋಣವೆಂದು ಮದ್ದನ್ನು ಎತ್ತಿಟ್ಟು, ಉಳಿದ ಚಿಪ್ಪುಗಳನ್ನು ಒತ್ತಿದ. ನಾಳೆಯೂ ಕಾಫಿ ಬಂತು. ನಾಡಿದ್ದೂ ಬಂತು. ಚಿಪ್ಪುಗಳೆಲ್ಲ ಫಳಫಳ ಹೊಳೆದವು. ತೋಟಾ ಒಂದೂ ಆಗಲಿಲ್ಲ.

ಬೇಟೆಯ ಹಿಂದಿನ ದಿನ ಓನ್ನಿ ಬಂದ. ಇಂಪಿ ಲೋಟ ಹಿಡಿದು ಇಳಿದಾಗ ಅವನೂ ಹಿಂದೆಯೇ ಇಳಿದ. ಅವಳು ಲೋಟವನ್ನು ಕುಕ್ಕಿದಳು.

"ನೋಡಣ್ಣ. ಅಪ್ಪಾನೂ ಕೆಳಗಿಂದ ಕೋಲಲ್ಲಿ ಕುಟ್ಟಿ ಕಾಫಿ ಕೇಳ್ತಿದ್ದ, ಇಲ್ಲ ಅನ್ನಲ್ಲ. ಆದ್ರೆ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಇವನು ಕುಟ್ಟಿ ಕುಟ್ಟಿ ನನ್ನ ಮಂಡೀನೇ ಸವೆಸಿಬಿಟ್ಟ."

"ನಾನೆಲ್ಲಿ ಕುಟ್ಟಿದೆ? ನಾನು ಹಿಂಗೆ ಒತ್ತಿದೆ, ಅಷ್ಟೇ," ಎಂದು ಆರ್ವೋ ಹಿಡಿ ಎಳೆದು ಬಿಟ್ಟ.

ಟಕ್.

ಇಂಪಿ ತನಗೆ ತಿಳಿಯದೆಯೇ ಮೆಟ್ಟಿಲ ಕಡೆ ತಿರುಗಿದಳು. ಆಮೇಲೆ ನಿಂತಳು. ಮೂವರೂ ಮೇಲಿನ ಹಲಗೆ ನೋಡಿದರು.

"ಬೇಡ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?" ಎಂದಳು.

"ನಿನ್ನ ಕಾಫಿನ ಬೇಡ ಅಂದೋರು ಈ ಊರಲ್ಲಿ ಯಾರಿದ್ದಾರೆ?"

ಓನ್ನಿ ಯೋಚಿಸಿ, ಯಾರೂ ಇಲ್ಲವೆಂದು ಒಪ್ಪಿದ.

ಇಂಪಿ ನ್ಯಾಯಸ್ಥೆ. ತನ್ನ ಕಾಫಿಯ ತಪ್ಪನ್ನು ತಾನೇ ತಿದ್ದುತ್ತೇನೆಂದು ತೋಳೇರಿಸಿ ತಕ್ಕಡಿಯ ಮುಂದೆ ನಿಂತಳು. ಆರ್ವೋ ಅಳತೆ ಹೇಳಿದ. ಅವಳು ಸಾರಿಗೆ ಉಪ್ಪು ಹಾಕುವವಳಂತೆ ಮದ್ದು ತೂಗಿದಳು, ಹಿಡಿ ಎಳೆದು ಗುಂಡು ಕೂರಿಸಿದಳು. ಬಗ್ಗುವ ಅಗತ್ಯವೇ ಇರಲಿಲ್ಲ. ಕತ್ತಲಾಗುವ ಮುಂಚೆ ತೋಟಾಗಳು ಸಾಲಾಗಿ ನಿಂತವು. ಆರ್ವೋನಿಗೆ ಆಲೂಗಡ್ಡೆಯಿಂದ ಬಿಡುಗಡೆಯಾದ ಆನಂದದಲ್ಲಿ ಕಣ್ಣು ತುಂಬಿತು. ಬಂದೂಕು ಎತ್ತಿ ಹೆಗಲಿಗೇರಿಸಿದ.

ಓನ್ನಿ ಬಂದೂಕಿನ ತುದಿಯನ್ನೇ ನೋಡುತ್ತಿದ್ದ. ಅದು ಗಾಳಿಯಲ್ಲಿ ರಂಗೋಲಿ ಬಿಡುತ್ತಿತ್ತು.

"ಭಾವ, ಬಂದೂಕು ಬರಲಿ. ತೋಟಾನೂ ಬರಲಿ. ನೀನು ಸೌಟು ತಗೊ."

"ಮತ್ತೆ ಹಾರಿಸೋರು ಯಾರು?"

ಓನ್ನಿ ತಂಗಿಯ ಮುಖ ನೋಡಿದ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಬೇಟೆಗೆ ಹೋಗುತ್ತಿದ್ದ ಇಂಪಿ, ಪರವಾನಗಿಯನ್ನು ಈಗಲೂ ವರ್ಷವರ್ಷ ಮಾಡಿಸುತ್ತಿದ್ದಳು. ಏಕೆಂದು ಯಾರೂ ಕೇಳಿರಲಿಲ್ಲ. ಅವಳು ಏಪ್ರನ್ನು ಬಿಚ್ಚಿ ಆರ್ವೋನ ಕೈಗೆ ಕೊಟ್ಟಳು.

ಮರುದಿನ ಬೆಳಿಗ್ಗೆ, ಮೊದಲ ತೋಟಾಕ್ಕೇ, ಆ ಸುತ್ತಮುತ್ತ ಇತ್ತೀಚೆಗೆ ಯಾರೂ ಕಾಣದಂಥ ಕೊಂಬಿನ ಗಂಡು ಜಿಂಕೆ ಉರುಳಿತು. ಗುಡಿಸಲಿನ ಗಂಡಸರು ಟೋಪಿ ತೆಗೆದರು. ಆರ್ವೋ ಈರುಳ್ಳಿ ಹಾಕಿ ಅದರ ಪಿತ್ತಜನಕಾಂಗ ಹುರಿದು ಬಡಿಸಿದ. ಹದವಾಗಿದೆಯೆಂದು ಎಲ್ಲರೂ ಹೊಗಳಿದರು.

ಕೊಂಬನ್ನು ಎಲ್ಲಿ ತೂಗುಹಾಕುವುದೆಂಬ ಪ್ರಶ್ನೆಗೆ ಇಂಪಿ ತಡಮಾಡದೆ ಉತ್ತರ ಕೊಟ್ಟಳು. ತೋಟಾ ಹುಟ್ಟಿದ ಕಡೆ. ನೆಲಮಾಳಿಗೆಯಲ್ಲಿ, ಯಂತ್ರದ ಎದುರಿನ ತೊಲೆಗೆ. ತೂಗುಹಾಕುವ ಕೆಲಸ ಮಾತ್ರ ಸೌಟು ಹಿಡಿದವನದು. ಆರ್ವೋ ಬಗ್ಗಿಕೊಂಡೇ ಮೊಳೆ ಹೊಡೆದ, ಕೊಂಬು ಬಿಗಿದ, ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿದ. ಆಮೇಲೆ, ಕೆಲಸ ಮುಗಿಸಿದವರು ಮಾಡುವಂತೆ, ಸೊಂಟ ನೆಟ್ಟಗೆ ಮಾಡಿದ.

ಇಂಪಿ ಅವನ ಹಣೆಗೆ ಮಂಜುಗಡ್ಡೆ ತರಲು ಆಗಲೇ ಮೆಟ್ಟಿಲು ಹತ್ತಿದ್ದಳು.