ಕಾರಿನ ಕಣ್ಣಿಗೆ ಬಿದ್ದ ಕಂಪೌಂಡರು

ಗೇಟಿನ ಕಂಬ ಮೊದಲಿದ್ದ ಜಾಗದಲ್ಲಿ ಇಲ್ಲ ಎಂಬುದು ಕಂಪೌಂಡರ ವಾದ. ಇಲ್ಲದಿದ್ದರೆ ವರ್ಷಗಟ್ಟಲೆ ಅದೇ ಗೇಟಿನಲ್ಲಿ ಕಾರು ನುಗ್ಗಿಸಿದವರು ಇವತ್ತು ಬೆಳಿಗ್ಗೆ ಹೋಗಿ ಅದಕ್ಕೆ ಗುದ್ದುವುದುಂಟೇ?

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎಂದರು ಹೆಂಡತಿ, ಒಡೆದ ದೀಪದ ಚೂರು ಗುಡಿಸುತ್ತ.

ಮಗಳು ಮಾತ್ರ ನಗಲಿಲ್ಲ. “ಅಪ್ಪಾ, ಈ ಹಳೇ ಡಬ್ಬ ಸಾಕು. ತಾನೇ ಬ್ರೇಕ್ ಹಾಕೋ, ಓಡಿಸೋರು ತೂಕಡಿಸಿದ್ರೆ ಎಬ್ಬಿಸೋ ಕಾರು ಬಂದಿದೆ. ಹೋಗಿ ನೋಡಿ ಬನ್ನಿ. ಸಂಜೆ ನಾನೇ ಪಕ್ಕ ಕೂತ್ಕೋತೀನಿ. ಅದು ನಿಮ್ಮನ್ನ ಒಪ್ಪಿದ್ರೆ ತಗೊಳ್ಳೋಣ. ಇಲ್ಲಾಂದ್ರೆ ಇನ್ಮೇಲೆ ನೀವು ಸ್ಟೇರಿಂಗ್ ಮುಟ್ಟೋ ಹಾಗಿಲ್ಲ.”

ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಜೀವಮಾನವೆಲ್ಲ ನಿಂತು ನಿವೃತ್ತರಾದವರು ಕಂಪೌಂಡರು. ಬೇಕೆಂದಾಗ ಹೊರಟು, ಬೇಕಾದ ಕಡೆ ತಿರುಗಿ ಬರುವುದೊಂದೇ ಉಳಿದಿದ್ದ ಸುಖ. ಅದೂ ಹೋದರೆ ಹೆಂಡತಿಯ ಎದುರು ಕೂತು ಬೀನ್ಸಿನ ನಾರು ಬಿಡಿಸಬೇಕಾಗುತ್ತದೆ.

ಶೋರೂಮಿಗೆ ಹೆಂಡತಿಯೂ ಬಂದರು. ಪಕ್ಕದ ಮನೆಯ ಟೈಲರ್ ಕರೆಯದೆಯೇ ಬಂದರು. ಕಂಪೌಂಡರು ಬಣ್ಣ ನೋಡಲಿಲ್ಲ, ಮೈಲೇಜು ಕೇಳಲಿಲ್ಲ. ಸೀಟು ಎತ್ತರವಿದೆಯೇ, ಹಿಂದಿನದು ಕಾಣುತ್ತದೆಯೇ, ಗುದ್ದಿದರೆ ಗಾಳಿಚೀಲ ಎಲ್ಲೆಲ್ಲಿಂದ ಬರುತ್ತದೆ, ಇದೇ ವಿಚಾರಣೆ. ಹೆಂಡತಿ ಮಂಡಿ ನೋಯುತ್ತದೆಯೇ ಎಂದು ನಾಲ್ಕು ಸಲ ಹತ್ತಿ ಇಳಿದರು. ಟೈಲರ್ ಸೀಟ್ ಬೆಲ್ಟನ್ನು ಎಳೆದು ನೋಡಿ, “ಹೊಲಿಗೆ ಪರವಾಗಿಲ್ಲ,” ಎಂದು ಸರ್ಟಿಫಿಕೇಟು ಕೊಟ್ಟರು.

ಓಡಿಸಿ ನೋಡಲು ಹೊರಟ ಕಾರು ಇನ್ನೂ ಮೊದಲ ತಿರುವು ದಾಟಿರಲಿಲ್ಲ. “ನೀವು ತೂಕಡಿಸುತ್ತಿದ್ದೀರಿ. ದಯವಿಟ್ಟು ವಿಶ್ರಾಂತಿ ಪಡೆಯಿರಿ,” ಎಂದು ಹೆಣ್ಣುದನಿಯೊಂದು ಉಲಿಯಿತು.

“ಎಚ್ಚರವಾಗೇ ಇದೀನಲ್ಲಮ್ಮ,” ಎಂದರು ಕಂಪೌಂಡರು ಆ ದನಿಗೆ.

“ಅದು ಕ್ಯಾಮೆರಾ ಸಾರ್. ನಿಮ್ಮ ಕಣ್ಣನ್ನೇ ನೋಡ್ತಾ ಇರುತ್ತೆ,” ಎಂದ ಪಕ್ಕದಲ್ಲಿದ್ದ ಸೇಲ್ಸ್‌ಮನ್.

ಎಡವಟ್ಟಾದದ್ದೇ ಅಲ್ಲಿ. ಕಂಪೌಂಡರ ರೆಪ್ಪೆಗಳು ಹುಟ್ಟಿನಿಂದಲೇ ಅರ್ಧ ಇಳಿಬಿದ್ದಿದ್ದವು. ವಯಸ್ಸಾದ ಮೇಲೆ ಮುಕ್ಕಾಲಾಗಿದ್ದವು. ಮದುವೆ ಫೋಟೋದಲ್ಲೇ ಅವರು ಒಳ್ಳೇ ನಿದ್ದೆಯಲ್ಲಿದ್ದಂತೆ ಕಾಣುತ್ತಾರೆ. ಆಸ್ಪತ್ರೆಯಲ್ಲಿ ಅವರು ಗುಳಿಗೆ ಎಣಿಸುತ್ತಿದ್ದರೆ ರೋಗಿಗಳು ಕಿಟಕಿ ಬಡಿದು ಎಬ್ಬಿಸುತ್ತಿದ್ದರು.

“ಕಣ್ಣು ಬಿಡ್ರೀ,” ಎಂದರು ಹೆಂಡತಿ.

“ಬಿಟ್ಟೇ ಇದೀನಿ ಕಣೇ.”

“ನನ್ ಹತ್ರ ಸೂಜಿ ಇದೆ. ಹಿಂದಿನಿಂದ ಆಗಾಗ ಚುಚ್ತಾ ಇರ್ಲಾ?” ಎಂದು ಟೈಲರ್ ನೆರವಿಗೆ ಬಂದರು.

ಕಂಪೌಂಡರು ಹುಬ್ಬನ್ನು ಹಣೆಯ ತುದಿಗೇರಿಸಿ ಕಣ್ಣು ಕಿಸಿದರು. ಕಾರು ಸುಮ್ಮನಾಯಿತು. ಆದರೆ ಎದುರು ಬಂದ ಸೈಕಲ್ಲಿನವನು ಆ ಮುಖ ನೋಡಿದವನೇ ಇಳಿದು ದಾರಿ ಬಿಟ್ಟ. ಸರ್ಕಲ್ಲಿನ ಪೊಲೀಸು ತನ್ನ ಅಂಗಿಯ ಗುಂಡಿ ಸರಿಯಿದೆಯೇ ಎಂದು ತಡವಿಕೊಂಡ. ಹುಬ್ಬು ಸೋತು ಇಳಿದದ್ದೇ ತಡ, ಮತ್ತೆ ಅದೇ ಹೆಣ್ಣುದನಿ. ಈ ಸಲ ಸೀಟೂ ಗಡಗಡ ನಡುಗಿತು. ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರು. “ಚಾಲಕರು ಕಾಣುತ್ತಿಲ್ಲ,” ಎಂದು ಕಾರು ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಹಿಂದಿನ ಗಾಡಿಯವರೆಲ್ಲ ಸೇರಿ ಹಾರ್ನಿನಲ್ಲೇ ಬೈದರು.

“ಈ ಸಹವಾಸವೇ ಬೇಡ, ಮನೆಗೆ ನಡೀರಿ,” ಎಂದರು ಹೆಂಡತಿ. ಕಂಪೌಂಡರ ಕಣ್ಣಮುಂದೆ ಬೀನ್ಸಿನ ರಾಶಿ ಬಂತು. ಆಗ ಹೊಳೆಯಿತು: ಜೀವಮಾನವೆಲ್ಲ ಊರಿನ ಗಾಯಗಳಿಗೆ ಅಂಟಿಸಿದ ಪ್ಲಾಸ್ಟರು ತನ್ನ ಕಷ್ಟಕ್ಕೆ ಒದಗದೇ ಇರುತ್ತದೆಯೇ?

ಸಂಜೆ ಮಗಳು ಶೋರೂಮಿಗೆ ಬಂದಾಗ ಕಂಪೌಂಡರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕಾರಿನಲ್ಲಿ ಸಿದ್ಧವಾಗಿದ್ದರು. ಟೋಪಿಯ ಒಳಗೆ ಮೈಬಣ್ಣದ ಪ್ಲಾಸ್ಟರಿನ ಎರಡು ಪಟ್ಟಿಗಳು ರೆಪ್ಪೆಗಳನ್ನು ಹಣೆಗೆ ಎಳೆದು ಹಿಡಿದಿದ್ದವು. ಅಳತೆಯೂ ಕತ್ತರಿಯೂ ಟೈಲರದು. ಅವರೂ ಹೆಂಡತಿಯೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು ಮುಂಚೆಯೇ ಮನೆಗೆ ಹೋಗಿದ್ದರು.

ಕಾರು ಹೊರಟಿತು. ದನಿಯಿಲ್ಲ, ನಡುಕವಿಲ್ಲ. “ಪರವಾಗಿಲ್ಲಪ್ಪ, ಒಂದ್ಸಲವೂ ಕೂಗ್ಲಿಲ್ಲ,” ಎಂದು ಮಗಳು ಹಿಗ್ಗಿದಳು. ಕಂಪೌಂಡರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಮಿಟುಕಿಸದ ಕಣ್ಣು ಎಷ್ಟು ಹೊತ್ತು ತಡೆದೀತು? ಮೊದಲು ಉರಿ, ಆಮೇಲೆ ನೀರು, ಆಮೇಲೆ ರಸ್ತೆಯೇ ಕರಗಿಹೋಯಿತು. ಚೆನ್ನಾಗಿ ಕಾಣುತ್ತಿದ್ದಾಗ ಬಾಯಿ ಬಡಿದುಕೊಂಡ ಕಾರು, ಏನೂ ಕಾಣದಾದಾಗ ತೆಪ್ಪಗಿತ್ತು. ಆಮೆಯ ಹಾಗೆ ತೆವಳಿ ಹೇಗೋ ಮನೆಯ ಬೀದಿ ಸೇರಿದರು. ಅಲ್ಲಿ ಹಳೇ ಕಾರು ಎದುರಾದದ್ದೇ ಹೊಸ ಕಾರು ತಾನಾಗಿ ಬ್ರೇಕು ಹಾಕಿ ನಿಂತಿತು. ಹಳೆಯದನ್ನು ಎಕ್ಸ್‌ಚೇಂಜಿಗೆ ಒಯ್ಯಲು ಸೇಲ್ಸ್‌ಮನ್ ಅದರ ಪಕ್ಕದಲ್ಲೇ ಕಾಯುತ್ತಿದ್ದ.

ಮಗಳು ತಿರುಗಿ ನೋಡಿದಳು. ಅಪ್ಪ ಹಳೇ ಕಾರನ್ನೇ ಎವೆಯಿಕ್ಕದೆ ನೋಡುತ್ತಿದ್ದಾರೆ. ಎರಡೂ ಕೆನ್ನೆಯ ಮೇಲೆ ಧಾರೆಧಾರೆ ಕಣ್ಣೀರು.

“ಅಪ್ಪಾ, ಅದರ ಮೇಲೆ ನಿಮಗೆ ಇಷ್ಟು ಪ್ರೀತಿ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ಹಾಗೇನಿಲ್ಲ ಮಗು. ತಗೊಂಡು ಹೋಗ್ಲಿ ಬಿಡು.”

“ನನಗೋಸ್ಕರ ಸುಳ್ಳು ಹೇಳ್ಬೇಡಿ,” ಎಂದು ಅವಳು ಅಪ್ಪನಿಗೆ ಕರ್ಚೀಫು ಕೊಟ್ಟಳು. ಗೇಟಿನಲ್ಲಿ ನಿಂತಿದ್ದ ಟೈಲರ್ ತಾವೇ ತೆಗೆದ ಅಳತೆಯನ್ನು ಮರೆತು ಕಣ್ಣೊರೆಸಿಕೊಂಡರು.

ಅತ್ತ ದರಿ, ಇತ್ತ ಪುಲಿ. ಪ್ಲಾಸ್ಟರಿನ ವಿಷಯ ಹೇಳಿದರೆ ಸ್ಟೇರಿಂಗು ಹೋಯಿತು. ಹೇಳದಿದ್ದರೆ ಹೊಸ ಕಾರು ಹೋಯಿತು. ಕಂಪೌಂಡರು ಬಾಯಿ ತೆರೆದು ಮುಚ್ಚುವುದರೊಳಗೆ ಮಗಳು ಇಳಿದು, ಅಪ್ಪನನ್ನೂ ಇಳಿಸಿ, ಸೇಲ್ಸ್‌ಮನ್‌ಗೆ ಕೈಮುಗಿದು, ಹೊಸ ಕಾರಿನ ಸಮೇತ ಅವನನ್ನು ಕಳಿಸಿಯೇಬಿಟ್ಟಳು.

“ಹಳೇದನ್ನ ಮಾರೋದೇ ಬೇಡಪ್ಪ. ಇಲ್ಲೇ ಮನೆ ಮುಂದೆ ಇರ್ಲಿ. ಯಾವಾಗ ಬೇಕಾದ್ರೂ ಒಳಗೆ ಕೂತ್ಕೊಳ್ಳಿ, ಹಾಡು ಕೇಳಿ. ಬೆಳಿಗ್ಗೆ ಗುದ್ದಿದ್ದು ಸಾಕು, ಓಡಿಸೋದು ಮಾತ್ರ ಬೇಡ.” ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಟೈಲರ್ ಇನ್ನೂ ಮೂಗು ಒರೆಸಿಕೊಳ್ಳುತ್ತಲೇ ನಾಲ್ಕು ಗಾಲಿಗಳಿಗೂ ಕಲ್ಲು ಕೊಟ್ಟರು.

ಕಂಪೌಂಡರು ಬಚ್ಚಲಿಗೆ ಹೋಗಿ ಪ್ಲಾಸ್ಟರು ಕಿತ್ತು ಬಂದು ಹಳೇ ಕಾರಿನಲ್ಲಿ ಕೂತು ಸ್ಟೇರಿಂಗ್ ಹಿಡಿದುಕೊಂಡರು. ರೆಪ್ಪೆಗಳು ಎಂದಿನಂತೆ ಮುಕ್ಕಾಲು ಇಳಿದಿದ್ದವು. ಆದರೂ ನೀರು ನಿಲ್ಲಲಿಲ್ಲ.

“ನೋಡಮ್ಮ, ಸಂತೋಷಕ್ಕೆ ಹೇಗೆ ಅಳ್ತಾ ಇದಾರೆ,” ಎಂದಳು ಮಗಳು.