ಮರದ ಮನೆಗೆ ಬೆಲ್ಲದ ಗಾರೆ

ನಮ್ಮ ಬೀಗರು ಸುಳ್ಳುಗಾರರೆಂದು ನಾನು ಎಂದೂ ಹೇಳುವುದಿಲ್ಲ. ಅವರು ಹೇಳಿದ್ದರಲ್ಲಿ ನಿಜವೆಷ್ಟೆಂದು ಮಾತ್ರ ನನ್ನನ್ನು ಕೇಳಬೇಡಿ! ನನ್ನ ಸೊಸೆಯ ತಂದೆ, ಮಂಗಳೂರಿನವರು, ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಹಳೆಯ ಮರದ ಮನೆಯೊಂದರ ಕೆಳ ಅಂತಸ್ತಿನಲ್ಲಿ ಒಬ್ಬರೇ ಬಾಡಿಗೆಗಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರು ಬೆಳೆಯುತ್ತಿದ್ದಾಗ ಅದನ್ನು ಕಟ್ಟಿದ ಬಡಗಿಗಳು, ಕೂಲಿಗಳು ನೆಲೆಸಿದ್ದ ಬೀದಿಯದು. ಆ ಕಾಲವನ್ನು ಬೀಗರು ನಿನ್ನೆ ಸಂಜೆ ನೋಡಿ ಬಂದವರಂತೆ ವರ್ಣಿಸುತ್ತಿದ್ದರು.

"ಒಂದು ಮಂಚಕ್ಕೆ ಇಬ್ಬರು ಬಡಗಿಗಳು, ಗೊತ್ತುಂಟಾ? ಇವ ಕೆಲಸಕ್ಕೆ ಹೋದ ಮೇಲೆ ಅವ ಬಂದು ಮಲಗುವುದು. ಹಾಸಿಗೆ ತಣ್ಣಗಾಗ್ಲಿಕ್ಕೇ ಇಲ್ಲ!"

"ನೀವು ನೋಡಿದ್ರಾ?"

"ನಿಮ್ಮ ಮುತ್ತಜ್ಜನನ್ನು ನೀವು ನೋಡಿದ್ದೀರಾ? ಹಾಗಂತ ಅವರು ಇರ್ಲಿಲ್ವಾ ಮಾರಾಯ್ರೆ?"

ಇಂಥ ತರ್ಕಕ್ಕೆ ಏನೆನ್ನೋಣ? ನಾನು ಶಾಲೆಗಿಂತ ಗ್ರಂಥಾಲಯದಲ್ಲೇ ಹೆಚ್ಚು ಕಲಿತವನು, ಹೋಗಿ ಹುಡುಕಿದೆ. ಹಾಸಿಗೆಯ ಸಂಗತಿ ನಿಜವಾಗಿಬಿಟ್ಟಿತು! ನನ್ನ ಅನುಮಾನ ಇಮ್ಮಡಿಯಾಯಿತು. ಬರೀ ಸುಳ್ಳು ಹೇಳುವವನನ್ನು ನಂಬಬಹುದು. ನಡುನಡುವೆ ನಿಜ ಬೆರೆಸುವವನ ಮೇಲೆ ಕಣ್ಣಿಡಬೇಕು.

ಅದು ಡಾಟ್‌ಕಾಮ್ ಅಬ್ಬರದ ಕಾಲ. ಹಳೆಯ ಮನೆಗಳು ಉರುಳಿ ಗಾಜಿನ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಪಕ್ಕದ ನಿವೇಶನದಲ್ಲಿ ಪಾಯ ತೋಡಿದಾಗ ಬೀಗರು ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ ಬರೆದು, ಕೆಲಸಗಾರರಿಗೆ ಯಾರ ದೃಷ್ಟಿಯೂ ತಾಗದಿರಲೆಂದು ಬೇಲಿಗೆ ಕಟ್ಟಿಬಂದರು. ಪರರ ಕಟ್ಟಡಕ್ಕೆ, ಅನುಮತಿಯಿಲ್ಲದೆ! ಪೊಲೀಸರು ಬರುವುದು ಖಚಿತವೆಂದು ಎಚ್ಚರಿಸಿದೆ. ಆದರೆ ಅದು ಅಕ್ಟೋಬರ್ ಕೊನೆಯ ವಾರ, ಕುಂಬಳಕ್ಕೆ ಮುಖ ಕೊರೆದಿಟ್ಟು ಮಕ್ಕಳು ಮನೆಮನೆಯಲ್ಲಿ ಸಿಹಿ ಬೇಡುವ ಅಲ್ಲಿನ ಹಬ್ಬದ ಸಮಯ. ಬಂದವರು ವೇಷ ಹಾಕಿದ ಮಕ್ಕಳು. ಕುಂಬಳದ ಮುಂದೆ ನಿಂತು ಬೀಗರಿಂದ ಚಾಕಲೇಟು ವಸೂಲಿ ಮಾಡಿಕೊಂಡು ಹೋದರು.

ಕೊನೆಗೆ ಬೀಗರ ಮನೆಯ ಸರದಿಯೂ ಬಂತು. ಕೆಡವಲು ಮಾಲೀಕ ಅನುಮತಿ ಕೇಳಿದ. ನಗರಾಡಳಿತದ ಸಮಿತಿಯೊಂದರ ಬಹಿರಂಗ ಸಭೆಯಲ್ಲಿ ಮನೆಗೆ ಚಾರಿತ್ರಿಕ ಮಹತ್ವವಿದೆಯೆಂದು ಮನಗಾಣಿಸಿದರೆ ಅದು ಉಳಿಯುತ್ತದೆ. ಇಲ್ಲವಾದರೆ ಬೀಗರು ದೂರದ ಗಿಲ್‌ರಾಯ್ ಊರಿನಲ್ಲಿರುವ ಮಗಳ ಮನೆಗೆ, ಅಂದರೆ ನನ್ನ ಪಕ್ಕದ ಕೋಣೆಗೆ!

ಸೊಸೆ ಬೇಡಿಕೊಂಡಳು: "ಮಾವ, ಅಪ್ಪ ಮೀಟಿಂಗಲ್ಲಿ ಏನೇನೋ ಹೇಳ್ಬಿಡ್ತಾರೆ. ನೀವೇ ಒಂದ್ಸಲ ಚೆಕ್ ಮಾಡಿ, ಪ್ಲೀಸ್."

ಇಂಥ ಅಧಿಕಾರಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಅವರ ಮನೆಗೇ ಹೋಗಿ ಕುರ್ಚಿ ಎಳೆದು ಕುಳಿತೆ. ಬೀಗರು ಎದ್ದು ನಿಂತು ಭಾಷಣ ಒಪ್ಪಿಸತೊಡಗಿದರು.

"ಈ ಮನೆಗೆ ಒಬ್ಬಳು ಹೆಂಗಸು ತಲೆಯಲ್ಲಿ ಗಾರೆ ಹೊತ್ತಿದ್ದಾಳೆ. ಸುಣ್ಣಕ್ಕೆ ಬೆಲ್ಲದ ನೀರು ಹಾಕುವಾಗ ನೊಣ ಮುತ್ತುವುದು. ಸಾರುವೆಯ ಕಂಬಕ್ಕೆ ಸೀರೆಯ ಜೋಲಿ ಕಟ್ಟಿ ಮಗುವನ್ನು..."

"ನಿಲ್ಲಿಸಿ! ಇದು ಮರದ ಮನೆ. ಗಾರೆ ಎಲ್ಲಿಂದ ಬಂತು? ಅದಕ್ಕೆ ಬೆಲ್ಲ ಬೇರೆ! ಸ್ಯಾನ್ ಫ್ರಾನ್ಸಿಸ್ಕೋದ ಹೆಂಗಸಿಗೆ ಸೀರೆ ಉಡಿಸಿದವರು ಯಾರು ಬೀಗರೇ?"

ಸಿಕ್ಕಿಬಿದ್ದರು! ಎಂದು ಹಿಗ್ಗಿದೆ. ಅವರು ವಾದಕ್ಕಿಳಿಯಲಿಲ್ಲ. ಕಿಟಕಿಯ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತರು.

"ಅದು ನನ್ನ ಅಮ್ಮ. ಜೋಲಿಯಲ್ಲಿದ್ದವ ನಾನು. ಬೀಗರ ಹತ್ರ ಹೇಗೆ ಹೇಳುವುದು ಅಂತ ಇಷ್ಟು ದಿನ... ಊರಲ್ಲಿ ಅವಳು ಗಾರೆ ಹೊತ್ತ ಮನೆ ಒಂದೂ ಉಳೀಲಿಲ್ಲ. ಇದಾದ್ರೂ ಇರಲಿ. ಇದಕ್ಕೂ ಯಾರದ್ದೋ ಅಪ್ಪನೋ ಅಮ್ಮನೋ ಬೆವರು ಸುರಿಸಿರ್ಲಿಕ್ಕಿಲ್ವಾ?"

ಕಾಗದ ಎಳೆದುಕೊಂಡು, ಆ ಮನೆಯ ಬಗ್ಗೆ ನಿಜವಿದ್ದಷ್ಟನ್ನು ತಿದ್ದಿ ಬರೆದುಕೊಟ್ಟೆ.

ಸಭೆಯಲ್ಲಿ ಬೀಗರು ನಾನು ತಿದ್ದಿಕೊಟ್ಟಷ್ಟನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಹೋಗಿ, ನಡುವೆ ತಡವರಿಸಿದರು. ಆಮೇಲೆ ಬಂದದ್ದು ಕನ್ನಡ. ಅಧ್ಯಕ್ಷೆ ನನ್ನತ್ತ ನೋಡಿದರು. ಎದ್ದು ನಿಂತು ಅನುವಾದಿಸಿದೆ: ಬೆಲ್ಲ, ನೊಣ, ಜೋಲಿ, ಒಂದನ್ನೂ ಬಿಡದೆ; ಅದು ಬೇರೆ ಊರಿನ ಮನೆಯೆಂಬುದನ್ನೂ ಮುಚ್ಚಿಡದೆ. ಸಮಿತಿ ಗೌರವದಿಂದ ಆಲಿಸಿತು. ಗೌರವದಿಂದಲೇ ಕೆಡವಲು ಒಪ್ಪಿಗೆ ಕೊಟ್ಟಿತು.

ಈಗ ಬೀಗರು ನನ್ನ ಪಕ್ಕದ ಕೋಣೆಯಲ್ಲಿದ್ದಾರೆ. ಮನೆಯ ಹಿಂದಿನ ಬೆಳ್ಳುಳ್ಳಿ ಹೊಲದಲ್ಲಿ ಹೊಸ ಮನೆಗಳು ಏಳುತ್ತಿವೆ. ಬೆಳಗಾದರೆ ಮಜ್ಜಿಗೆಯ ಜಗ್ಗು ಹಿಡಿದು ಅತ್ತ ಹೊರಡುತ್ತಾರೆ. ಏನು ಹುನ್ನಾರವೋ ಎಂದು ಶಂಕಿಸಿ ಒಂದು ದಿನ ಹಿಂದೆಯೇ ಹೋದೆ. ಮಜ್ಜಿಗೆ ಕೊಟ್ಟು, ಒಬ್ಬೊಬ್ಬ ಕೆಲಸಗಾರನನ್ನೂ ಅವನ ತಾಯಿಯ ಹೆಸರು ಕೇಳುತ್ತಿದ್ದರು. ಅವರೂ ಸುತ್ತಿಗೆ ಕೆಳಗಿಟ್ಟು, ಹೆಲ್ಮೆಟ್ಟು ತೆಗೆದು, ಹೇಳುತ್ತಿದ್ದರು.